ಮಾವನ ಉಸಿರು, ನನ್ನ ಬೆರಳು

ನಮ್ಮ ಮನೆಯಲ್ಲಿ ಮಾವನ ಕ್ಲಾರಿನೆಟ್ಟನ್ನು ಮಾವನ ಹೊರತು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ಅವರು ಯಾವತ್ತೂ ಹೇಳಿದವರಲ್ಲ. ಅದನ್ನು ಅವರು ಎತ್ತಿಕೊಳ್ಳುತ್ತಿದ್ದ ರೀತಿ ನೋಡಿದರೆ ಸಾಕು, ಯಾರಿಗೂ ಮುಟ್ಟುವ ಮನಸ್ಸು ಬರುತ್ತಿರಲಿಲ್ಲ. ಹಸುಗೂಸನ್ನು ಎತ್ತುವವರು ಕತ್ತಿನ ಕೆಳಗೆ ಒಂದು ಕೈ ಕೊಡುತ್ತಾರಲ್ಲ, ಹಾಗೆ.

ನಾನು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದಾಗ ಮಾವ ಎಂಟು ಜನರ ಬ್ಯಾಂಡ್ ಸೆಟ್ಟಿನಲ್ಲಿ ಮುಂದೆ ನಿಂತು ಕ್ಲಾರಿನೆಟ್ ನುಡಿಸುತ್ತಿದ್ದರು. ಹಿರೀಸಾವೆಯಿಂದ ಹೊಳೆನರಸೀಪುರದವರೆಗೆ ಎಲ್ಲಿ ಮದುವೆಯಾದರೂ ಅವರನ್ನು ಕರೆಯುತ್ತಿದ್ದರು. ನನಗೆ ಹೊಲಿಗೆ ಗೊತ್ತಿತ್ತು. ನಡುಮನೆಯ ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ಯಾವುದಾದರೂ ಮದುವೆಯಲ್ಲಿ ನುಡಿಸಿ ಬಂದ ಮಾರನೆಯ ಬೆಳಿಗ್ಗೆ ಮಾವ ನನ್ನ ಎದುರಿನ ಜಗಲಿಯಲ್ಲಿ ಚಾಪೆ ಹಾಸಿ, ವಾದ್ಯವನ್ನು ಐದು ತುಂಡಾಗಿ ಬಿಡಿಸಿ, ಒಂದೊಂದನ್ನೇ ಒರೆಸುತ್ತಿದ್ದರು. ಹಳೆಯ ಪಂಚೆಯ ಒಂದು ತುಂಡು, ಅದಕ್ಕೆ ಕಟ್ಟಿದ ದಾರ, ದಾರದ ತುದಿಗೆ ಮೀನಿನ ಬಲೆಗೆ ಹಾಕುವ ಸೀಸದ ಗುಂಡು. ಗುಂಡನ್ನು ಒಂದು ಕಡೆಯಿಂದ ಒಳಗೆ ಬಿಟ್ಟು ಇನ್ನೊಂದು ಕಡೆಯಿಂದ ಎಳೆದರೆ ಬಟ್ಟೆ ಒದ್ದೆಯಾಗಿ ಹೊರಗೆ ಬರುತ್ತಿತ್ತು.

ಹೊಸದರಲ್ಲಿ ಒಮ್ಮೆ ಕೇಳಿದ್ದೆ, “ಮಾವ, ಒಳಗೆ ನೀರು ಹಾಕಿ ತೊಳೀತೀರಾ?”

ಅವರು ನಕ್ಕರು. “ನೀರು ಆಕಿದ್ರೆ ಮರ ಸತ್ತೋಯ್ತದೆ ಕಣವ್ವಾ. ಇದು ನನ್ ಉಸ್ರು. ಬಿಸಿ ಉಸ್ರು ತಣ್ಣಗಿರೋ ಮರದೊಳಿಕ್ಕೋಗಿ ನೀರಾಯ್ತದೆ. ನಿನ್ನೆ ರಾತ್ರಿ ಒರೆಸಿದ್ರೂವೆ ಇನ್ನೂ ಉಳ್ಕೊಂಡದೆ ನೋಡು.”

ಆ ಒದ್ದೆ ಬಟ್ಟೆಯನ್ನೇ ನೋಡುತ್ತಾ ಕುಳಿತಿದ್ದೆ. ಹಿಂದಿನ ದಿನ ಯಾರದೋ ಮದುವೆಯಲ್ಲಿ ಜನರೆಲ್ಲ ಕೇಳಿದ ಹಾಡು ಇಲ್ಲಿ ಪಂಚೆಯ ತುಂಡಿನಲ್ಲಿ ತೇವವಾಗಿ ನಿಂತಿದೆ ಅನ್ನಿಸಿ ಮೈ ಜುಂ ಅಂದಿತು.

ಹೀಗೆ ಹದಿನಾಲ್ಕು ವರ್ಷ ಕಳೆಯಿತು. ಆಮೇಲೆ ಮಾವನ ಕೈ ನಡುಗಲು ಶುರುವಾಯಿತು. ಮೊದಮೊದಲು ಕಾಫಿ ಲೋಟದಲ್ಲಿ ಕಾಣಿಸಿತು, ಆಮೇಲೆ ಅಂಗಿಯ ಗುಂಡಿಯಲ್ಲಿ. ಒಂದು ದಿನ ಹಿರೀಸಾವೆಯ ಮದುವೆಯೊಂದರಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ, ಬೆರಳು ತೂತಿನ ಮೇಲೆ ನಿಲ್ಲದೆ ವಾದ್ಯ ಕಿರ್ ಎಂದು ಕಿರುಚಿಕೊಂಡಿತಂತೆ. ಡೋಲಿನವರು ಜೋರಾಗಿ ಬಾರಿಸಿ ಮುಚ್ಚಿಹಾಕಿದರು. ಮಾವ ಮನೆಗೆ ಬಂದವರೇ ವಾದ್ಯದ ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟರು. ಹಾಸನದ ಡಾಕ್ಟರು ಮಾತ್ರೆ ಬರೆದುಕೊಟ್ಟು, “ನಡುಕ ಕಮ್ಮಿಯಾಗಬಹುದು, ಪೂರ್ತಿ ಹೋಗಲ್ಲ” ಎಂದರು. ಪೆಟ್ಟಿಗೆ ಎರಡು ವರ್ಷ ಕೆಳಗೆ ಇಳಿಯಲಿಲ್ಲ. ಜಗಲಿಯಲ್ಲಿ ಮಾವ ಬರಿಗೈಯಲ್ಲಿ ಕೂತಿರುವುದನ್ನು ನೋಡಲಾಗದೆ ನಾನು ಮಿಷನ್ನನ್ನು ಬೇರೆ ಕಡೆಗೆ ತಿರುಗಿಸಿ ಹಾಕಿಕೊಂಡಿದ್ದೆ.

ಯುಗಾದಿಗೆ ಮುಂಚೆ ಮನೆ ಧೂಳು ಹೊಡೆಯುವಾಗ ಆ ಪೆಟ್ಟಿಗೆಯನ್ನು ನಾನೇ ಇಳಿಸಿದೆ. ಹೊರಗಿನ ಧೂಳು ಒರೆಸಿ ಮತ್ತೆ ಇಡಬೇಕೆಂದಷ್ಟೇ ಇದ್ದದ್ದು. ಆದರೆ ಪೆಟ್ಟಿಗೆಯ ಸಂದಿಯಿಂದ ಮುಗ್ಗಲು ವಾಸನೆ ಬಂತು. ಕೊಂಡಿ ತೆಗೆದು ನೋಡಿದೆ. ಕರಿಮರದ ಮೇಲೆಲ್ಲ ಬೂದಿ ಎರಚಿದಂತೆ ಬೂಷ್ಟು. ತೂತುಗಳನ್ನು ಮುಚ್ಚುವ ಪುಟ್ಟ ಮೆತ್ತೆಗಳಿಗೆ ಪ್ಯಾಡು ಅನ್ನುತ್ತಾರೆ, ಅವನ್ನು ಹುಳ ತಿಂದು ಜರಡಿ ಮಾಡಿತ್ತು. ತುಂಡುಗಳು ಒಂದಕ್ಕೊಂದು ಕೂಡುವ ಕಡೆ ಸುತ್ತಿದ್ದ ಬೆಂಡು ಮುಟ್ಟಿದರೆ ಉದುರುತ್ತಿತ್ತು.

ಕೊಂಡಿ ತೆಗೆದ ಸದ್ದು ಜಗಲಿಗೆ ಕೇಳಿಸಿರಬೇಕು. ತಲೆಯೆತ್ತಿದರೆ ಮಾವ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

“ನಿನ್ ಕೈ ನಡುಗಾಕಿಲ್ಲ ಅಲ್ವಾ?” ಎಂದರು.

“ಇಲ್ಲ ಮಾವ.”

“ಅಂಗಾದ್ರೆ ಬಿಚ್ಚು. ನಾನ್ ಯೋಳ್ತೀನಿ.”

ಆ ದಿನದಿಂದ ನಮ್ಮ ಪಾಠ ಶುರುವಾಯಿತು. ಅವರು ಕುರ್ಚಿಯಲ್ಲಿ, ನಾನು ಚಾಪೆಯ ಮೇಲೆ. ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ನಾನು ಜೋರಾಗಿ ಎಳೆಯಲು ಹೋದೆ.

“ಅಯ್ಯಯ್ಯೋ, ಅಂಗಲ್ಲ! ಎಳೀಬ್ಯಾಡ. ಅತ್ತಾಗೊಂದ್ ಚೂರು, ಇತ್ತಾಗೊಂದ್ ಚೂರು ತಿರುಗ್ಸು. ಅದೇ ಬತ್ತದೆ. ಕೀ ಮ್ಯಾಲೆ ಬೆರಳು ಒತ್ಬ್ಯಾಡ, ಬಗ್ಗೋಯ್ತದೆ.”

ಅದಾಗಿಯೇ ಬಂತು. ಮೇಲಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣಿಟ್ಟು ನೋಡು ಎಂದರು. ನೋಡಿದೆ. ಹೊರಗೆ ಬೂಷ್ಟು ಹಿಡಿದ ಆ ಮರದ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದರೊಳಗೊಂದು ಬೆಳಕಿನ ಬಳೆಗಳು ಕಣ್ಣು ಹೋದಷ್ಟು ದೂರ ಸಾಲಾಗಿದ್ದವು. ಒಂದು ಗೇಣಿನ ಕೊಳವೆಯಲ್ಲಿ ಅಷ್ಟು ಆಳ ಹೇಗೆ ಬಂತು ಎಂದು ನನಗೆ ತಿಳಿಯಲಿಲ್ಲ. ಮೂವತ್ತು ನಲವತ್ತು ವರ್ಷ ಬಟ್ಟೆ ಎಳೆದೆಳೆದು ಆದ ನುಣುಪು ಅದು. ಕಣ್ಣು ತೆಗೆಯಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ಹಿಡಿದಿದ್ದೆ. ಮಾವ ಆತುರ ಮಾಡಲಿಲ್ಲ.

ತೂತುಗಳನ್ನು ಮುಚ್ಚಿ ತೆಗೆಯುವ ಲೋಹದ ಕೀಗಳನ್ನು ಬಿಚ್ಚುವುದು ಬಹಳ ಸೂಕ್ಷ್ಮದ ಕೆಲಸ. ಹದಿನೇಳು ಕೀಗಳು. ಒಂದೊಂದಕ್ಕೂ ಸೂಜಿಯಂಥ ಕಂಬಿ, ಅಕ್ಕಿನುಚ್ಚಿನಷ್ಟು ಸ್ಕ್ರೂ, ಕೂದಲಿನಂಥ ಸ್ಪ್ರಿಂಗು. ಯಾವುದು ಎಲ್ಲಿಯದು ಎಂದು ಮರೆತರೆ ಮುಗಿಯಿತು. ನನಗೆ ರವಿಕೆ ಕತ್ತರಿಸುವ ಅಭ್ಯಾಸ. ಖಾಕಿ ಕಾಗದ ಹಾಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಕ್ಲಾರಿನೆಟ್ಟಿನ ಚಿತ್ರ ಬರೆದೆ. ಬಿಚ್ಚಿದ ಪ್ರತಿ ಕೀಯನ್ನೂ ಅದರ ಜಾಗದಲ್ಲೇ ಕಾಗದಕ್ಕೆ ಸೂಜಿದಾರದಲ್ಲಿ ಒಂದು ಹೊಲಿಗೆ ಹಾಕಿ ಕೂರಿಸಿದೆ. ಮಾವ ಬಗ್ಗಿ ನೋಡಿ, “ಇದು ನಂಗ್ಯಾಕೆ ಒಳೀನಿಲ್ಲ ಇಷ್ಟ್ ವರ್ಸ?” ಎಂದರು. ನನಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಣ ಬ್ರಷ್ಷಿನಿಂದ ಬೂಷ್ಟು ತೆಗೆದೆವು. ಕಡ್ಡಿಗೆ ಹತ್ತಿ ಸುತ್ತಿ ಪ್ರತಿಯೊಂದು ತೂತಿನ ಅಂಚನ್ನೂ ಒರೆಸಿದೆ. ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ ಅಂದುಕೊಂಡು ಬಾಟಲಿ ತಂದಿದ್ದೆ. “ಇದು ತಲೆ ಅಲ್ಲ ಕಣವ್ವಾ ಬಾಚಾಕೆ” ಎಂದು ಮಾವ ಬಾದಾಮಿ ಎಣ್ಣೆ ತರಿಸಿದರು. ಅದೂ ನಾಲ್ಕೇ ಹನಿ. ಬಟ್ಟೆಗೆ ಹಾಕಿ ಹಿಂಡಿ, ಇನ್ನೇನೂ ಇಲ್ಲ ಅನ್ನುವಷ್ಟು ಮಾಡಿ ಒಳಗೆ ಎಳೆಯಬೇಕು. ಎರಡು ವರ್ಷದಿಂದ ಒಣಗಿದ್ದ ಮರ ಎಣ್ಣೆ ಕುಡಿದದ್ದನ್ನು ಕಣ್ಣಾರೆ ಕಂಡೆ. ಹಚ್ಚಿದಾಗ ಹೊಳೆಯುತ್ತಿದ್ದದ್ದು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಮಂಕಾಗಿತ್ತು. ಮತ್ತೆ ಹಚ್ಚಿದೆ. ಮತ್ತೆ ಕುಡಿಯಿತು. ಮೂರನೆಯ ದಿನ ಸಾಕೆಂದು ನಿಲ್ಲಿಸಿತು. ಆಗ ಕಪ್ಪಿನ ಒಳಗಿಂದ ಕಡುಗೆಂಪಿನ ಎಳೆಗಳು ಕಾಣಿಸಿದವು. ಕಪ್ಪು ಮರ ಎಂದು ನಾವು ತಿಳಿದದ್ದು ಪೂರ್ತಿ ಕಪ್ಪಾಗಿರಲೇ ಇಲ್ಲ.

ಆ ಬಣ್ಣವನ್ನು ಮೊಬೈಲ್ ಬೆಳಕಿನಲ್ಲಿ ನೋಡೋಣವೆಂದು ಟಾರ್ಚನ್ನು ಕೊಳವೆಯ ಬಾಯಿಗೆ ಹಿಡಿದೆ. ತಲೆಭಾಗದಲ್ಲಿ, ತೂತುಗಳಿಗಿಂತ ಮೇಲೆ, ಒಂದು ಬೆಳಕಿನ ಗೆರೆ ಕಂಡಿತು. ಕೂದಲೆಳೆಯಷ್ಟು ಸಣ್ಣದು. ಮರ ಸೀಳಿತ್ತು.

ಮಾವ ನೋಡಿ ಕಣ್ಣು ಮುಚ್ಚಿಕೊಂಡರು. “ಮುಗೀತು, ಮುಚ್ಚಿಡು” ಎಂದರು.

ನನಗೆ ಮುಚ್ಚಿಡಲು ಆಗಲಿಲ್ಲ. ಹಾಸನದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ ಎಂದು ಮಾವನೇ ಹಿಂದೊಮ್ಮೆ ಹೇಳಿದ್ದರು. ಮಾರನೆಯ ದಿನ ಪೆಟ್ಟಿಗೆಯನ್ನೂ ಆ ಖಾಕಿ ಕಾಗದವನ್ನೂ ಹಿಡಿದು, ಮಾವನನ್ನು ಕರೆದುಕೊಂಡು ಬಸ್ ಹತ್ತಿದೆ. ಮಾವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಅಂಗಡಿ ಎಂದರೆ ಒಂದು ಬಾಗಿಲಿನ ಕೋಣೆ. ಬಿಳಿ ಗಡ್ಡದ ಸಾಹೇಬರು ಮೊದಲು ಬಿರುಕನ್ನು ನೋಡಲಿಲ್ಲ. ನನ್ನ ಕಾಗದ ನೋಡಿದರು. ಕೀಗಳ ಮೇಲೆ ಕೈಯಾಡಿಸಿ, “ಯಾರು ಬಿಚ್ಚಿದ್ದು ಇದನ್ನ?” ಎಂದರು.

“ನನ್ ಸೊಸೆ, ಸಾಬ್ರೇ. ಬಟ್ಟೆ ಒಲಿತಾಳೆ” ಎಂದರು ಮಾವ.

ಸಾಹೇಬರು ಆಮೇಲೆ ಬಿರುಕಿಗೆ ಉಗುರು ಆಡಿಸಿ ನೋಡಿದರು. “ತೂತಿನ ತನಕ ಹೋಗಿಲ್ಲ. ಉಳ್ಕೊಳ್ತದೆ” ಎಂದರು. ಮಾವ ಬಿಟ್ಟ ಉಸಿರು ನನಗೆ ಕೇಳಿಸಿತು.

ಸಾಹೇಬರು ಡ್ರಾಯರಿನಿಂದ ಅದೇ ಜಾತಿಯ ಮರದ ಮುರುಕೊಂದನ್ನು ತೆಗೆದು, ಮುಂದಿದ್ದ ನೀರಿನ ಲೋಟಕ್ಕೆ ಹಾಕಿದರು. ಅದು ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತಿತು. “ನೋಡಮ್ಮಾ. ಆಫ್ರಿಕಾದ ಮರ. ತೇಲೋದಿಲ್ಲ ಇದು. ಬಿಸಿಲುನಾಡಲ್ಲಿ ನಿಧಾನಕ್ಕೆ ಬೆಳೀತದೆ. ನಮ್ಮ ತಾತನ ಕಾಲದಲ್ಲಿ ಗಿಡ ಆಗಿದ್ದು ಈಗ ನಿಮ್ಮ ಮಾವನ ಕೈಗೆ ಬಂದದೆ.” ಮರ ನೀರಿನಲ್ಲಿ ಮುಳುಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಲೋಟವನ್ನು ಎತ್ತಿ, ಅಲ್ಲಾಡಿಸಿ, ತಳದಲ್ಲಿ ಕದಲದೆ ಕೂತಿದ್ದ ಆ ತುಂಡನ್ನು ಮತ್ತೆ ಮತ್ತೆ ನೋಡಿದೆ. ಯಾವುದೋ ದೇಶದಲ್ಲಿ ಬೇರು ಬಿಟ್ಟಿದ್ದ ಮರವೊಂದು ಹಿರೀಸಾವೆಯ ಮದುವೆಮನೆಯಲ್ಲಿ ಹಾಡಿದೆಯಲ್ಲ!

ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಿರುಕಿಗೆ ತುಂಬಿ, ಒಣಗಿದ ಮೇಲೆ ಉಜ್ಜಿ ಸಾಹೇಬರು ಸಮ ಮಾಡಿದರು. “ಮೇಲೆ ಬಿಗಿಯಾಗಿ ದಾರ ಸುತ್ತಬೇಕು. ನನ್ನ ಕಣ್ಣಿಗೆ ಈಗ ಆಗೋದಿಲ್ಲ. ನೀನೇ ಸುತ್ತು” ಎಂದು ಜೇನುಮೇಣ ಸವರಿದ ನೂಲು ನನ್ನ ಕೈಗೆ ಕೊಟ್ಟರು. ಮಿಷನ್ನಿನ ಬಾಬಿನ್ನಿಗೆ ದಾರ ಸುತ್ತಿ ಸುತ್ತಿ ಪಳಗಿದ ಕೈ. ಒಂದು ಎಳೆ ಇನ್ನೊಂದರ ಮೇಲೆ ಹತ್ತದಂತೆ ಎರಡು ಬೆರಳಗಲ ಸುತ್ತಿ ಗಂಟನ್ನು ಒಳಗೆ ಅಡಗಿಸಿದೆ. ಸಾಹೇಬರು ಕನ್ನಡಕ ಏರಿಸಿ ನೋಡಿ, ಹೊಸ ಪ್ಯಾಡುಗಳನ್ನೂ ಒಂದಿಷ್ಟು ಬೆಂಡನ್ನೂ ಅರಗಿನ ಕಡ್ಡಿಯನ್ನೂ ಪೊಟ್ಟಣ ಕಟ್ಟಿಕೊಟ್ಟರು. “ಮಿಕ್ಕಿದ್ದೆಲ್ಲ ಮನೇಲಿ ನೀನೇ ಮಾಡು” ಎಂದರು.

ಮನೆಯಲ್ಲಿ ಹನ್ನೆರಡು ದಿನ ಹಿಡಿಯಿತು. ಕೀಯ ಬಟ್ಟಲನ್ನು ಮೇಣದಬತ್ತಿಯ ಮೇಲೆ ಕಾಯಿಸಿ, ಒಂದು ಚೂರು ಅರಗು ಕರಗಿಸಿ, ಅದು ಆರುವುದರೊಳಗೆ ಪ್ಯಾಡನ್ನು ಕೂರಿಸಬೇಕು. ಕೂದಲಿನಷ್ಟು ಓರೆಯಾದರೂ ಗಾಳಿ ಸೋರುತ್ತದೆ. ಪ್ರತಿ ಪ್ಯಾಡಿನ ಕೆಳಗೂ ತೆಳ್ಳನೆಯ ಕಾಗದದ ಪಟ್ಟಿ ಇಟ್ಟು ಎಳೆದು ನೋಡುತ್ತಿದ್ದೆ. ಸುತ್ತಲೂ ಒಂದೇ ಬಿಗಿಯಲ್ಲಿ ಹಿಡಿದರೆ ಸರಿ. ಒಂದು ಪ್ಯಾಡನ್ನು ಒಂಬತ್ತು ಸಲ ಕಿತ್ತು ಕೂರಿಸಿದ್ದೇನೆ. ಒಂದು ದಿನ ಸಿಟ್ಟು ಬಂದು ಎಲ್ಲ ಬಿಟ್ಟು ಎದ್ದುಬಿಟ್ಟೆ. ಅತ್ತೆ ಕಾಫಿ ತಂದು ಕೊಟ್ಟರು. ಕುಡಿದು ಮತ್ತೆ ಕೂತೆ.

ಕೊನೆಗೆ ವಾದ್ಯ ಸೇರಿತು. ಇನ್ನು ಊದಿ ನೋಡಬೇಕು. ನಾನು ಊದಿದರೆ ಬುಸ್ ಅನ್ನುತ್ತಿತ್ತೇ ಹೊರತು ನಾದ ಬರಲಿಲ್ಲ. ಮಾವ ಬಿದಿರಿನ ಹಾಗೆ ಕಾಣುವ ತೆಳ್ಳನೆಯ ರೀಡನ್ನು ಬಾಯಲ್ಲಿಟ್ಟು ನೆನೆಸಿಕೊಂಡರು. ಅದನ್ನು ವಾದ್ಯದ ಊದುವ ತುದಿಗೆ ಕಟ್ಟಿಕೊಟ್ಟೆ. ಎರಡು ವರ್ಷದ ನಂತರ ಅವರು ವಾದ್ಯವನ್ನು ತುಟಿಗೆ ತಂದರು. ಬೆರಳುಗಳು ತೂತಿನ ಮೇಲೆ ಕುಣಿದವು. ಕಿರ್ ಎಂಬ ಅದೇ ಕಿರುಚು. ಇನ್ನೊಮ್ಮೆ ಊದಿದರು. ಮತ್ತೆ ಅದೇ. ಅವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡರು.

“ಸೋರ್ತದೋ ನನ್ ಬೆರಳೋ, ಗೊತ್ತಾಯ್ತಾ ಇಲ್ಲ” ಎಂದರು.

ಅಡಿಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆಯೇ ಹೇಳಿದರು, “ನೀವು ಊದಿ. ಅವಳು ಮುಚ್ಲಿ.”

ಇಬ್ಬರಿಗೂ ಅರ್ಥವಾಗಲಿಲ್ಲ. ಅತ್ತೆ ಸೊಪ್ಪು ಕೆಳಗಿಟ್ಟರು. “ಉಸ್ರು ಚೆನ್ನಾಗದಲ್ಲ ನಿಮ್ದು? ಬೆರಳು ಚೆನ್ನಾಗವೆ ಇವಳ್ದು. ಇಂದೆ ನಿಂತ್ಕಂಡು ಮುಚ್ಚವ್ವಾ ತೂತ.”

ನನಗೆ ನಾಚಿಕೆಯಾಯಿತು. ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ ನಾನು, ಅವರ ಹೆಗಲ ಮೇಲಿಂದ ಕೈ ಹಾಕುವುದೆಂದರೆ? ಮಾವನೂ ನೆಲ ನೋಡುತ್ತಿದ್ದರು. “ಏನಾಗಾಕಿಲ್ಲ, ನಿಂತ್ಕೊ. ನಾನಿಲ್ವಾ?” ಎಂದು ಅತ್ತೆ ಗದರಿದರು. ಮಾವ ಚಿಕ್ಕ ಸ್ಟೂಲಿನ ಮೇಲೆ ಕೂತು ವಾದ್ಯದ ಕೆಳತುದಿಯನ್ನು ಮಂಡಿಗಳ ನಡುವೆ ಇಟ್ಟುಕೊಂಡರು. ನಾನು ಹಿಂದೆ ಮಂಡಿಯೂರಿ, ಎಡಗೈಯನ್ನು ಅವರ ಭುಜದ ಮೇಲಿಂದ, ಬಲಗೈಯನ್ನು ಪಕ್ಕದಿಂದ ಚಾಚಿದೆ. ಒಂದೊಂದೇ ತೂತನ್ನು ತಡವಿ ಹುಡುಕಿ ಮುಚ್ಚಿದೆ.

“ಬಿಡ್ಲಾ ಉಸ್ರು?” ಎಂದು ಕೇಳಿದರು.

“ಬಿಡಿ ಮಾವ.”

ಬಂತು. ಕೆಳಸ್ಥಾಯಿಯ ಒಂದೇ ಸ್ವರ. ಹದಿನಾಲ್ಕು ವರ್ಷ ಆ ನಾದವನ್ನು ಕೇಳಿದ್ದೆ, ಆದರೆ ಕಿವಿಯಲ್ಲಿ ಮಾತ್ರ. ಈಗ ಅದು ಬೆರಳ ತುದಿಯಿಂದ ಹತ್ತಿತು. ನಾನು ಎಣ್ಣೆ ಕುಡಿಸಿದ, ದಾರ ಸುತ್ತಿದ ಆ ಮರ ಉದ್ದಕ್ಕೂ ನಡುಗುತ್ತಿತ್ತು. ಅದು ಕೈನಡುಕದಂಥದ್ದಲ್ಲ. ಹಸುವಿನ ಕೊರಳ ಮೇಲೆ ಅಂಗೈ ಇಟ್ಟಾಗ ತಿಳಿಯುವಂಥ ಜೀವದ ಕಂಪನ. ಕೊನೆಯ ಬೆರಳನ್ನು ಎತ್ತಿದೆ, ಆ ತೂತಿನಿಂದ ಬೆಚ್ಚಗಿನ ಗಾಳಿ ಬೆರಳಿಗೆ ತಗುಲಿತು, ಸ್ವರ ಒಂದು ಮೆಟ್ಟಿಲು ಏರಿತು. ಇನ್ನೊಂದು ಎತ್ತಿದೆ. ಇನ್ನೊಂದು ಮೆಟ್ಟಿಲು. ನನಗೆ ಉಸಿರಾಡುವುದು ಮರೆತುಹೋಗಿತ್ತು. ಅವರ ಎದೆಯಿಂದ ಹೊರಟದ್ದು ನನ್ನ ಬೆರಳ ಕೆಳಗೆ ಹಾಡಾಗಿ ಹೊರಗೆ ಹೋಗುತ್ತಿತ್ತು, ನಾವಿಬ್ಬರೂ ಅದರ ದಾರಿಯಲ್ಲಿ ಸುಮ್ಮನೆ ಇದ್ದೆವು.

ಮಾವ ನಿಲ್ಲಿಸಿದರು. ಅತ್ತೆಯ ಕಣ್ಣು ತುಂಬಿತ್ತು. ಮಾವ ಏನು ಹೇಳುತ್ತಾರೋ ಎಂದು ಕಾದೆ. ಅವರು ವಾದ್ಯವನ್ನು ತುಟಿಯಿಂದ ಇಳಿಸಿ, “ಎಲ್ಲೂ ಸೋರ್ತಾ ಇಲ್ಲ ಕಣವ್ವಾ” ಎಂದರು.

ಆಮೇಲೆ ದಿನಾ ಸಂಜೆ ಅರ್ಧ ಗಂಟೆ ಹಾಗೆ ಕೂರುವುದು ರೂಢಿಯಾಯಿತು. ಊದುವಾಗ ಅವರು ಮಾತಾಡುವಂತಿಲ್ಲ. ತಲೆ ಎತ್ತಿದರೆ ಮೇಲಿನ ಸ್ವರ, ತಗ್ಗಿಸಿದರೆ ಕೆಳಗಿನದು, ಎಡಗಾಲು ತಟ್ಟಿದರೆ ನಾನು ತಪ್ಪಿದೆ ಎಂದು. ಎಡಗಾಲಿಗೆ ಬಿಡುವೇ ಇರಲಿಲ್ಲ. ಒಂದು ದೇವರನಾಮ ಹಿಡಿತಕ್ಕೆ ಬರುವಷ್ಟರಲ್ಲಿ ಆರು ತಿಂಗಳಾಯಿತು.

ಮಾರ್ಗಶಿರದಲ್ಲಿ ಹೊಳೆನರಸೀಪುರದಲ್ಲಿ ಮಾವನ ತಂಗಿಯ ಮೊಮ್ಮಗಳ ಮದುವೆ. ಓಲಗದವರು ಬೇರೆ ಇದ್ದರು. ಮಾವನ ಹಳೆಯ ಡೋಲಿನ ಜೊತೆಗಾರರೂ ಬಂದಿದ್ದರು. ಅತ್ತೆ ಅವರ ಕಿವಿಯಲ್ಲಿ ಏನೋ ಊದಿದ್ದರು. ಧಾರೆ ಮುಗಿದ ಮೇಲೆ ಆ ಡೋಲಿನವರು ಎದ್ದು ಬಂದು, “ಬಾರಣ್ಣಾ, ಒಂದು ನುಡ್ಸು. ತಪ್ಪಿದ್ರೆ ನಾನ್ ಅವ್ನಿ” ಎಂದರು. ಮಾವ ಬೇಡ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ ನೋಡಿದರು. ಪೆಟ್ಟಿಗೆ ತಂದೆ.

ನಾನು ರೇಷ್ಮೆ ಸೀರೆಯಲ್ಲಿ ಮಾವನ ಹಿಂದೆ ಮಂಡಿಯೂರಿದಾಗ ಕೆಲವರು ನಕ್ಕರು. ಯಾರೋ ಮೊಬೈಲ್ ಎತ್ತಿದರು. ಮಾವ ಉಸಿರು ತುಂಬಿಕೊಂಡದ್ದು ಅವರ ಬೆನ್ನಿನಿಂದ ನನಗೆ ತಿಳಿಯಿತು. ದೇವರನಾಮ ಶುರುವಾಯಿತು. ಎರಡನೆಯ ಸಾಲಿನಲ್ಲಿ ನನ್ನ ಬೆರಳು ತಪ್ಪಿತು. ಎಡಗಾಲು ತಟ್ಟುತ್ತದೆ ಎಂದು ಕಾದೆ, ತಟ್ಟಲಿಲ್ಲ. ಅವರು ಅದೇ ಉಸಿರನ್ನು ಎಳೆದು ಹಿಡಿದು ನನಗಾಗಿ ಕಾದರು. ಡೋಲು ಎರಡು ಸುತ್ತು ಹೆಚ್ಚು ಹಾಕಿತು. ನಾನು ಜಾಗ ಹುಡುಕಿಕೊಂಡೆ. ಮತ್ತೆ ತಪ್ಪಲಿಲ್ಲ. ಮುಗಿಯುವ ಹೊತ್ತಿಗೆ ಊಟಕ್ಕೆ ಹೊರಟವರೂ ಬಾಗಿಲಲ್ಲಿ ನಿಂತಿದ್ದರು. ಮದುಮಗಳು ಹಸೆಮಣೆಯಿಂದ ಎದ್ದು ಬಂದು ಮಾವನ ಕಾಲಿಗೆ ಬಿದ್ದಳು, ಆಮೇಲೆ ನನ್ನ ಕಾಲಿಗೂ. ಅವಳನ್ನು ಎತ್ತುವುದು ಹೇಗೆಂದು ತೋಚದೆ ನಿಂತಿದ್ದೆ.

ಆ ಮದುವೆಯ ವಿಡಿಯೋ ಎಲ್ಲೆಲ್ಲಿ ಹೋಯಿತೋ ತಿಳಿಯದು. ಒಂದು ತಿಂಗಳಲ್ಲಿ ಬ್ಯಾಂಡಿನವರು ಬರತೊಡಗಿದರು. “ಅಕ್ಕಾ, ನಂದೂ ಒಂಚೂರು ನೋಡಿ, ಗಾಳಿ ನಿಲ್ತಾ ಇಲ್ಲ” ಎಂದು. ಈಗ ಮಿಷನ್ನಿನ ಪಕ್ಕ ಇನ್ನೊಂದು ಮೇಜಿದೆ. ರವಿಕೆಗಳು ಒಂದು ಕಡೆ, ಕ್ಲಾರಿನೆಟ್ಟುಗಳು ಇನ್ನೊಂದು ಕಡೆ. ಮಾವ ಪ್ರತಿಯೊಂದನ್ನೂ ಮೂಸಿ ನೋಡಿ ಅದರ ಯಜಮಾನ ಎಂಥವನು ಎಂದು ಹೇಳುತ್ತಾರೆ. ಬಹುತೇಕ ಸರಿಯಾಗಿರುತ್ತದೆ.

ಕಳೆದ ವಾರ ಕೊಣನೂರಿನವರೊಬ್ಬರು ತಮ್ಮ ಅಣ್ಣನದೆಂದು ಒಂದು ಹಳೆಯ ವಾದ್ಯ ತಂದರು. ಅಟ್ಟದ ಮೇಲೆ ಪೆಟ್ಟಿಗೆಯಿಲ್ಲದೆ ಬಿದ್ದಿತ್ತಂತೆ. ಬಟ್ಟೆ ಎಳೆಯಲೆಂದು ಗುಂಡು ಬಿಟ್ಟೆ, ಅದು ಕೆಳಗೆ ಇಳಿಯಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಮಣ್ಣು. ಕಣಜದ ಹುಳವೊಂದು ಕೊಳವೆಯೊಳಗೆ ಗೂಡು ಕಟ್ಟಿತ್ತು. ಮರಕ್ಕೆ ಗೀರು ಬೀಳದ ಹಾಗೆ ಬಿದಿರಿನ ಕಡ್ಡಿಯಿಂದ ಸುತ್ತಲೂ ಬಿಡಿಸಿದೆ. ಅರ್ಧ ದಿನವಾದ ಮೇಲೆ ಗೂಡು ಇಡಿಯಾಗಿ ಜಾರಿ ಕಾಗದದ ಮೇಲೆ ಬಂತು. ಕೊಳವೆಯ ಅಳತೆಗೇ ದುಂಡಗೆ, ನುಣ್ಣಗೆ ಕಟ್ಟಿದ ನಾಲ್ಕು ಕೋಣೆ. ಮೂರರ ಬಾಗಿಲು ಒಡೆದಿತ್ತು, ನಾಲ್ಕನೆಯದು ಇನ್ನೂ ಮುಚ್ಚಿತ್ತು.

“ಮುಟ್ಬ್ಯಾಡ, ಬಿಸ್ಲಲ್ಲಿಡು” ಎಂದರು ಮಾವ.

ಜಗಲಿಯ ಬಿಸಿಲಿನಲ್ಲಿಟ್ಟೆವು. ಅತ್ತೆಯೂ ಬಂದು ಕೂತರು. ಕೊಣನೂರಿನವರು ಬಸ್ಸಿಗೆ ಹೊತ್ತಾಯಿತು ಎನ್ನುತ್ತಾ ಎನ್ನುತ್ತಾ ಅಲ್ಲೇ ಉಳಿದರು. ಸಂಜೆ ನಾಲ್ಕರ ಹೊತ್ತಿಗೆ ಮಣ್ಣಿನ ಬಾಗಿಲಲ್ಲಿ ಸಾಸಿವೆಯಷ್ಟು ತೂತು ಬಿತ್ತು. ಒಳಗಿನಿಂದ ಯಾರೋ ಕೊರೆಯುತ್ತಿದ್ದರು. ನಾವು ನಾಲ್ಕು ಜನ ದೊಡ್ಡವರು ತಲೆಗೆ ತಲೆ ತಾಗಿಸಿ ಬಗ್ಗಿ ನೋಡುತ್ತಿದ್ದೆವು. ಮೊದಲು ಎರಡು ಮೀಸೆ ಬಂದವು, ಆಮೇಲೆ ತಲೆ, ಆಮೇಲೆ ನೂಲಿನಂಥ ನಡು. ಹುಳ ಗೂಡಿನ ಮೇಲೆ ಹತ್ತಿ ನಿಂತು ಒದ್ದೆ ರೆಕ್ಕೆಯನ್ನು ಒಣಗಿಸಿಕೊಂಡಿತು, ಜುಂಯ್ ಎಂದು ಒಮ್ಮೆ ಸದ್ದು ಮಾಡಿತು, ಹಾರಿ ಎದುರು ಮನೆಯ ಹೆಂಚಿನ ಮೇಲಿಂದ ಆಚೆ ಹೋಯಿತು. ಮಾವ ವಾದ್ಯದ ಖಾಲಿ ಕೊಳವೆಯನ್ನು ಎತ್ತಿ ಆ ಕಡೆಯ ಆಕಾಶಕ್ಕೆ ಹಿಡಿದು, ಒಳಗೆ ಕಣ್ಣಿಟ್ಟು, ನಮಗೂ ನೋಡಲು ಒಬ್ಬರಾದ ಮೇಲೊಬ್ಬರಿಗೆ ಕೊಟ್ಟರು.